ಸೋಗಾನೆಗೆ ಮಳೆಗಾಲದಲ್ಲೂ ವಿಮಾನ ಇಳಿಯಲಿ

ಆಗಸ್ಟ್ 2024

ರಾಜ್ಯದ ಮೂಲಸೌಲಭ್ಯ ಅಭಿವೃದ್ಧಿ ಸಚಿವರಿಗೆ, ಈ ನಿಲ್ದಾಣ ನಡೆಸುವ ಸರ್ಕಾರಿ ಸಂಸ್ಥೆ ಕೆಎಸ್‌ಐಐಡಿಸಿಯ ಅಧಿಕಾರಿಗಳಿಗೆ ಮತ್ತು ಶಿವಮೊಗ್ಗ ಜಿಲ್ಲೆಯ ಎಲ್ಲ ಪಕ್ಷಗಳ ಜನಪ್ರತಿನಿಧಿಗಳಿಗೆ,

ನಮಸ್ಕಾರ.

ಈ ತಿಂಗಳ 31ಕ್ಕೆ ಸೋಗಾನೆಯ ಶಿವಮೊಗ್ಗ ವಿಮಾನ ನಿಲ್ದಾಣದಲ್ಲಿ ಮೊದಲ ಪ್ರಯಾಣಿಕ ವಿಮಾನ ಇಳಿದು ಒಂದು ವರ್ಷ ತುಂಬುತ್ತದೆ. ವಾರ್ಷಿಕೋತ್ಸವ ಅಂದ ಮೇಲೆ ಭಾಷಣ, ಹಾರ, ಫೋಟೊ ಎಲ್ಲ ಇದ್ದದ್ದೇ. ಅದರ ನಡುವೆ ಈ ಪತ್ರವನ್ನೂ ಒಮ್ಮೆ ಓದಿ. ಬೈಯುವುದಕ್ಕೆ ಬರೆಯುತ್ತಿಲ್ಲ. ಈ ನಿಲ್ದಾಣ ಉಳಿಯಬೇಕು ಅನ್ನುವ ಆಸೆಯಿಂದ ಬರೆಯುತ್ತಿದ್ದೇನೆ.

ನಾನು ತೀರ್ಥಹಳ್ಳಿ ಕಡೆಯವನು. ಅಡಿಕೆ ತೋಟ ಇದೆ, ಮಗಳು ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಾಳೆ. ಹಾಗಾಗಿ ಸೋಗಾನೆ ನನಗೆ ಬರೀ ಜಿಲ್ಲೆಯ ಹೆಮ್ಮೆಯಲ್ಲ, ಉಪಯೋಗಕ್ಕೆ ಬರುವ ಜಾಗ. ನಮ್ಮ ಕಡೆಯ ಎಷ್ಟೋ ಮನೆಗಳ ಕಥೆ ಇದೇ. ಮನೆಯಲ್ಲಿ ವಯಸ್ಸಾದವರು, ಮಕ್ಕಳು ಹೈದರಾಬಾದ್, ಚೆನ್ನೈ, ಪುಣೆಯಲ್ಲಿ. ಹಬ್ಬಕ್ಕೆ ಬರಬೇಕು, ಕಾಯಿಲೆ ಅಂದರೆ ಬರಬೇಕು, ಸಾವು ಅಂದರೆ ಆ ದಿನವೇ ಬರಬೇಕು.

ನೀವು ಕಟ್ಟಿದ್ದು ಸಣ್ಣದೇನಲ್ಲ. ಸುಮಾರು 450 ಕೋಟಿ ರೂಪಾಯಿ, ಸುಮಾರು 775 ಎಕರೆ ಜಾಗ. 3200 ಮೀಟರ್ ಉದ್ದದ ರನ್‌ವೇ, ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಇದೇ ಉದ್ದದ್ದು ಅಂತ ನೀವೇ ಹೇಳಿದ್ದೀರಿ. ಮಂಗಳೂರಿನ ನಿಲ್ದಾಣ ಇರುವ ಬಜ್ಪೆಯ ರನ್‌ವೇ 2450 ಮೀಟರ್. ಅಲ್ಲಿಂದ ದುಬೈಗೆ ವಿಮಾನ ಹೋಗುತ್ತದೆ. ಮೈಸೂರಿನ ಮಂಡಕಳ್ಳಿಯದ್ದು 1740 ಮೀಟರ್. ಅಲ್ಲಿ ಇಳಿಯುವುದು ಎಟಿಆರ್, ನಮ್ಮಲ್ಲಿ ಬೆಂಗಳೂರಿಂದ ಬಂದು ಇಳಿಯುವುದೂ ಅದೇ ಎಟಿಆರ್. 70-80 ಸೀಟಿನ, ಎರಡು ಪ್ರೊಪೆಲ್ಲರಿನ ಆ ವಿಮಾನಕ್ಕೆ ಇದರ ಅರ್ಧ ರನ್‌ವೇ ಸಾಕು. ಯೋಜನೆ ಶುರುವಾದಾಗ ಲೆಕ್ಕ ಹಾಕಿದ್ದೂ ಎಟಿಆರ್‌ಗೇ. ಆಮೇಲೆ ದೊಡ್ಡ ಜೆಟ್ ವಿಮಾನ ಏರ್‌ಬಸ್ 320 ಬರಲಿ, ರಾತ್ರಿಯೂ ಇಳಿಯಲಿ ಅಂತ ನಕ್ಷೆ ದೊಡ್ಡದಾಯಿತು, ಖರ್ಚೂ ದೊಡ್ಡದಾಯಿತು. ಉದ್ದ ಜಾಸ್ತಿಯಾಯಿತು ಅಂತ ನನ್ನ ತಕರಾರಿಲ್ಲ. ಮುಂದೊಂದು ದಿನ ಬೇಕಾಗುತ್ತದೆ, ಇರಲಿ. ಮೈಸೂರಿನವರು ರನ್‌ವೇ ಉದ್ದ ಮಾಡಲು ಹೋಗಿ ನಂಜನಗೂಡು ಹೆದ್ದಾರಿಯನ್ನು ಏನು ಮಾಡುವುದು ಅಂತ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ. ನಮಗೆ ಆ ಕಷ್ಟ ಬರದಂತೆ ಮೊದಲೇ ನೋಡಿಕೊಂಡಿರಿ, ಒಳ್ಳೆಯದೇ.

ತಕರಾರು ಇರುವುದು ಬೇರೆ ಕಡೆ. ಇಷ್ಟು ಉದ್ದದ ರನ್‌ವೇ ಇದ್ದೂ, ಮೋಡ ಕೆಳಗಿಳಿದರೆ ವಿಮಾನ ಇಳಿಯುವುದಿಲ್ಲ. ಕತ್ತಲಾದರೆ ಇಳಿಯುವುದಿಲ್ಲ. ಚಳಿಗಾಲದ ಬೆಳಿಗ್ಗೆ ಮಂಜು ಬಿದ್ದರೂ ಇಳಿಯುವುದಿಲ್ಲ. ಮಲೆನಾಡಿನ ಹೆಬ್ಬಾಗಿಲು ಅಂತ ಬೋರ್ಡು ಹಾಕಿಕೊಂಡ ಊರಿನಲ್ಲಿ ಮಳೆ, ಮೋಡ, ಮಂಜು ಇರುವ ದಿನಗಳನ್ನು ತೆಗೆದರೆ ವರ್ಷದಲ್ಲಿ ಉಳಿಯುವುದೆಷ್ಟು, ನೀವೇ ಹೇಳಿ.

ಕಾರಣ ನಿಮಗೆ ಗೊತ್ತೇ ಇದೆ. ಆದರೆ ಜನರಿಗೆ ಯಾರೂ ಬಿಡಿಸಿ ಹೇಳಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತೇನೆ. ಸೋಗಾನೆಯಲ್ಲಿ ಈಗ ಇರುವುದು ಕಣ್ಣಿನ ಅಳತೆಯ ಹಾರಾಟ. ವಿಎಫ್‌ಆರ್ ಅನ್ನುತ್ತಾರೆ. ಪೈಲಟ್‌ಗೆ ಕನಿಷ್ಠ ಐದು ಕಿಲೋಮೀಟರ್ ದೂರ ಕಣ್ಣಿಗೆ ಕಾಣಬೇಕು, ಮೋಡದ ತಳ ಸಾಕಷ್ಟು ಮೇಲಿರಬೇಕು. ಇಲ್ಲದಿದ್ದರೆ ಇಳಿಯುವ ಹಾಗಿಲ್ಲ. ಅದು ಪೈಲಟ್‌ನ ಇಷ್ಟವಲ್ಲ, ನಿಯಮ.

ಈ ಜುಲೈನಲ್ಲಿ ಬೆಂಗಳೂರಿಂದ ಬರುವಾಗ ನನಗೇ ಇದರ ಅನುಭವ ಆಯಿತು. ಹೊರಟದ್ದು ಸರಿಯಾದ ಹೊತ್ತಿಗೆ. ಶಿವಮೊಗ್ಗದ ಮೇಲೆ ಬಂದ ಮೇಲೆ ಒಂದು ಸುತ್ತು, ಇನ್ನೊಂದು ಸುತ್ತು. ಮೋಡ ಅಲ್ಲಲ್ಲಿ ಹರಿದಿತ್ತು. ಆ ಸಂದಿಯಲ್ಲಿ ಕೆಳಗೆ ತೋಟ ಕಂಡಿತು, ಗದ್ದೆ ಕಂಡಿತು, ಕೆಂಪು ನೀರಿನ ಹೊಳೆಯೂ ಕಂಡಿತು. ಪಕ್ಕದ ಸೀಟಿನಲ್ಲಿ ಹೊಸನಗರದ ಹಿರಿಯರೊಬ್ಬರು, ತಮ್ಮನ ಮಗಳ ಸೀಮಂತಕ್ಕೆ ಹೊರಟವರು. ಕಿಟಕಿಗೆ ಮೂಗು ತಾಗಿಸಿ ನೋಡಿ, "ಎಲ್ಲಾ ಕಾಣ್ತಾ ಇದೆಯಲ್ಲ ಮಾರಾಯ್ರೇ, ಇಳಿಸೋಕೆ ಇವ್ರಿಗೇನು ಕಷ್ಟ?" ಅಂದರು. ಅಷ್ಟರಲ್ಲಿ ಪ್ರಕಟಣೆ ಬಂತು. ವಾಪಸ್ ಬೆಂಗಳೂರು. ದೇವನಹಳ್ಳಿಯಲ್ಲಿ ಇಳಿದಾಗ ಮಧ್ಯಾಹ್ನ ದಾಟಿತ್ತು. ಅಲ್ಲಿಂದ ಟ್ಯಾಕ್ಸಿ ಹಂಚಿಕೊಂಡು ಶಿವಮೊಗ್ಗ ಮುಟ್ಟುವಾಗ ರಾತ್ರಿ. ಸೀಮಂತದ ಊಟ ಮುಗಿದಿತ್ತು ಅಂತ ಬೇರೆ ಹೇಳಬೇಕಿಲ್ಲ.

ಅವರ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಕೆಳಗೆ ಕಾಣುತ್ತಿದ್ದರೆ ಇಳಿಸಲು ಕಷ್ಟವೇನು? ಆಮೇಲೆ ಗೊತ್ತಿರುವ ಒಬ್ಬರನ್ನು ಕೇಳಿದೆ. ಕಿಟಕಿಯಿಂದ ನಾವು ನೋಡುವುದು ನೇರ ಕೆಳಕ್ಕೆ. ಮೋಡ, ಮಳೆಯ ಪದರ ಅಲ್ಲಿ ತೆಳು. ಪೈಲಟ್ ನೋಡಬೇಕಾದದ್ದು ಮುಂದಕ್ಕೆ, ಓರೆಯಾಗಿ. ಅದೇ ಪದರವನ್ನು ಓರೆಯಲ್ಲಿ ನೋಡುವಾಗ ಹತ್ತಾರು ಪಟ್ಟು ದಪ್ಪ. ನಮಗೆ ತೋಟ ಕಂಡ ಹೊತ್ತಿನಲ್ಲೇ ಅವರಿಗೆ ರನ್‌ವೇ ಕಾಣದೇ ಇರಬಹುದು. ವಿಮಾನ ಸುಮಾರು ಮೂರು ಡಿಗ್ರಿ ಇಳಿಜಾರಿನಲ್ಲಿ ಇಳಿಯುತ್ತದೆ. ರನ್‌ವೇ ಇನ್ನೂ ಐದು ಕಿಲೋಮೀಟರ್ ಇದೆ ಅನ್ನುವಾಗ ನೆಲದಿಂದ 260 ಮೀಟರ್ ಎತ್ತರದಲ್ಲಿರುತ್ತದೆ. ಗಂಟೆಗೆ ಇನ್ನೂರು ಚಿಲ್ಲರೆ ಕಿಲೋಮೀಟರ್ ವೇಗ. ಆ ಐದು ಕಿಲೋಮೀಟರ್ ಮುಗಿಯಲು ಒಂದೂವರೆ ನಿಮಿಷವೂ ಬೇಡ. ಅಷ್ಟರೊಳಗೆ ರನ್‌ವೇ ಹುಡುಕಿ, ನೇರ ಮಾಡಿಕೊಂಡು, ಗಾಳಿ ನೋಡಿಕೊಂಡು ಇಳಿಸಬೇಕು. ವಾಪಸ್ ತಿರುಗಿಸಿದವರು ಸರಿಯಾದದ್ದನ್ನೇ ಮಾಡಿದರು. 2010ರ ಮೇ 22ರ ಬಜ್ಪೆ ದುರಂತದಲ್ಲಿ 158 ಜನ ಹೋದದ್ದು ನಮ್ಮ ಕಡೆಯವರು ಯಾರೂ ಮರೆತಿಲ್ಲ. ಹೇಗಾದರೂ ಮಾಡಿ ಇಳಿಸಿಬಿಡಿ ಅಂತ ಯಾರೂ ಕೇಳುವುದಿಲ್ಲ, ಕೇಳಲೂಬಾರದು.

ಕೇಳುವುದು ಇಷ್ಟೇ: ಕಣ್ಣಿಗೆ ಕಾಣದಿದ್ದಾಗ ದಾರಿ ತೋರಿಸುವ ಉಪಕರಣಗಳನ್ನು ಹಾಕಿ.

ಬಜ್ಪೆಯನ್ನೇ ನೋಡಿ. ಶಿವಮೊಗ್ಗ ಪೇಟೆಗೆ ಬೀಳುವ ಮಳೆ ಮಂಗಳೂರಿನ ಮಳೆಯ ಮುಂದೆ ಏನೇನೂ ಅಲ್ಲ. ನಮ್ಮ ಜಿಲ್ಲೆಯ ಹೆಸರು ಹೇಳಿಸುವ ಮಳೆ ಆಗುಂಬೆಯದ್ದು, ವರ್ಷಕ್ಕೆ 7000 ಮಿಲಿಮೀಟರ್ ದಾಟುತ್ತದೆ. ಆದರೆ ಆಗುಂಬೆ ಇರುವುದು ಸೋಗಾನೆಯಿಂದ ದೂರದಲ್ಲಿ, ಘಟ್ಟದ ಅಂಚಿನಲ್ಲಿ. ಮಂಗಳೂರಿನಲ್ಲಿ ಸುತ್ತ ಕಣಿವೆ, ಗುಡ್ಡದ ತುದಿಯ ರನ್‌ವೇ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ. ಆದರೂ ಅಲ್ಲಿ ವಿಮಾನ ಇಳಿಯುತ್ತವೆ. ಕೆಲವು ದಿನ ತಡವಾಗಬಹುದು, ಕೆಲವು ಬೇರೆ ಕಡೆ ಹೋಗಬಹುದು, ಆದರೆ ಮಳೆಗಾಲ ಬಂತು ಅಂತ ಟಿಕೆಟ್ ತೆಗೆಯಲು ಯಾರೂ ಹೆದರುವುದಿಲ್ಲ. ಯಾಕೆ? ಅಲ್ಲಿ ಐಎಲ್‌ಎಸ್ ಇದೆ.

ಐಎಲ್‌ಎಸ್ ಅಂದರೆ ಎರಡು ರೇಡಿಯೋ ಕಿರಣ. ಒಂದು ರನ್‌ವೇಯ ನಡುಗೆರೆಯನ್ನು ಹೇಳುತ್ತದೆ, ನೀನು ಎಡಕ್ಕಿದ್ದೀಯೋ ಬಲಕ್ಕೋ ಅಂತ. ಇನ್ನೊಂದು ಇಳಿಜಾರು ಹೇಳುತ್ತದೆ, ಮೇಲಿದ್ದೀಯೋ ಕೆಳಗೋ ಅಂತ. ಇದರ ಮೊದಲ ದರ್ಜೆಯದ್ದೇ ಇದ್ದರೂ ರನ್‌ವೇಯಲ್ಲಿ 550 ಮೀಟರ್ ಕಂಡರೆ ಸಾಕು. 200 ಅಡಿ ಎತ್ತರದವರೆಗೆ ಉಪಕರಣ ನಂಬಿ ಇಳಿದು ಬರಬಹುದು. ಅಲ್ಲಿಗೆ ಬಂದಾಗ ರನ್‌ವೇಯೋ ಅದರ ದೀಪವೋ ಕಂಡರೆ ಇಳಿಸುವುದು, ಇಲ್ಲವಾದರೆ ಮೇಲೇಳುವುದು. ಐದು ಕಿಲೋಮೀಟರ್ ಎಲ್ಲಿ, 550 ಮೀಟರ್ ಎಲ್ಲಿ!

ಇನ್ನೊಂದು ಡಿವಿಒಆರ್. ಅದು ದಿಕ್ಕು ತೋರಿಸುವ ರೇಡಿಯೋ ಕಂಬಗಳ ವ್ಯವಸ್ಥೆ. ಐಎಲ್‌ಎಸ್‌ನಷ್ಟು ಚುರುಕಲ್ಲ, ಆದರೂ ಕಣ್ಣಳತೆಗಿಂತ ಎಷ್ಟೋ ಮೇಲು. ಇದರ ಜೊತೆಗೆ ರನ್‌ವೇ ಅಂಚಿನ ದೀಪಗಳು, ಇಳಿಯುವ ದಾರಿಗೆ ಮುಂಚೆ ಸಿಗುವ ದೀಪಗಳ ಸಾಲು, ಆಮೇಲೆ ಪಾಪಿ. ಹೆಸರು ಕೇಳಿ ನಗಬೇಡಿ. ಅದು ರನ್‌ವೇ ಪಕ್ಕದ ನಾಲ್ಕು ದೀಪ. ಎರಡು ಬಿಳಿ, ಎರಡು ಕೆಂಪು ಕಂಡರೆ ಎತ್ತರ ಸರಿಯಾಗಿದೆ. ನಾಲ್ಕೂ ಬಿಳಿಯಾದರೆ ತೀರಾ ಮೇಲಿದ್ದೀರಿ. ನಾಲ್ಕೂ ಕೆಂಪಾದರೆ ತೀರಾ ಕೆಳಗಿದ್ದೀರಿ. ಪುಣ್ಯ ಮಾಡಿದ ಪಾಪಿ ಅಂದರೆ ಇದೇ ಇರಬೇಕು.

ಇದೆಲ್ಲ ಒಂದು ರಾತ್ರಿಯಲ್ಲಿ ಆಗುವುದಲ್ಲ ಅಂತ ನನಗೂ ಗೊತ್ತು. ಉಪಕರಣ ತರಿಸಬೇಕು, ನಿಲ್ಲಿಸಬೇಕು. ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರ, ಅಂದರೆ ಎಎಐನ ವಿಶೇಷ ವಿಮಾನ ಬಂದು ಮೇಲೆ ಹಾರಾಡಿ, ಸಂಕೇತ ಸರಿಯಾಗಿ ಸಿಗುತ್ತದೆಯೇ ಅಂತ ಪರೀಕ್ಷೆ ಮಾಡಬೇಕು. ಆಮೇಲೆ ವಿಮಾನಯಾನದ ನಿಯಮ ನೋಡಿಕೊಳ್ಳುವ ಕೇಂದ್ರದ ಡಿಜಿಸಿಎ ಒಪ್ಪಿಗೆ. ಆದರೆ ಈ ಕ್ರಮ ಯಾವುದೂ ಹೊಸದಲ್ಲವಲ್ಲ? ಕಾಂಕ್ರೀಟು ಹಾಕುವ ದಿನವೇ ಗೊತ್ತಿತ್ತು. ರಾತ್ರಿ ಇಳಿಯುವ ವ್ಯವಸ್ಥೆ ಇರುತ್ತದೆ ಅಂತ ಕಟ್ಟುವಾಗಲೇ ಹೇಳಿದ್ದರು. 2023ರ ಫೆಬ್ರವರಿ 27ಕ್ಕೆ ಪ್ರಧಾನಿ ಬಂದು ಉದ್ಘಾಟನೆ ಮಾಡಿದರು. ಕಮಲದ ಆಕಾರದ ಟರ್ಮಿನಲ್ ಅಷ್ಟರಲ್ಲಿ ಎದ್ದು ನಿಂತಿತ್ತು. ಅದು ಹೂವೋ ಪಕ್ಷದ ಗುರುತೋ ಅಂತ ಜಗಳವೂ ಆಗಿ ಮುಗಿದಿತ್ತು. ಯಡಿಯೂರಪ್ಪನವರ ಹೆಸರಿಡುವ ಮಾತು ಬಂದು, ಅವರೇ ಬೇಡ ಅಂದು, ಕುವೆಂಪು ಹೆಸರು ಬಂತು. ಅದಕ್ಕೆ ಯಾರದ್ದೂ ಎರಡನೇ ಮಾತಿಲ್ಲ. ಅಂದರೆ ಹೆಸರು ಆಯಿತು, ಆಕಾರ ಆಯಿತು, ಸಮಾರಂಭ ಆಯಿತು. ದಾರಿ ತೋರಿಸುವ ಉಪಕರಣ ಮಾತ್ರ ಕೊನೆಯ ಪಂಕ್ತಿಗೆ ಬಂತು. ಕಲ್ಯಾಣ ಮಂಟಪಕ್ಕೆ ಸೀರಿಯಲ್ ಸೆಟ್ ಹಾಕಿ ಅಡುಗೆ ಮನೆಗೆ ನೀರಿನ ಪೈಪು ಮರೆತ ಹಾಗೆ.

ಇಷ್ಟು ಹೇಳಿದರೆ, "ಯಾಕ್ರೀ ಆತುರ, ಆಗುತ್ತೆ ಬಿಡಿ" ಅನ್ನಬಹುದು. ಆತುರಕ್ಕೆ ಕಾರಣ ಇದೆ.

ಹೈದರಾಬಾದ್, ತಿರುಪತಿ, ಗೋವಾಕ್ಕೆ ಇಲ್ಲಿಂದ ವಿಮಾನ ಶುರುವಾದದ್ದು 2023ರ ನವೆಂಬರ್‌ನಲ್ಲಿ, ಉಡಾನ್ ಯೋಜನೆಯಡಿ. 2016ರಲ್ಲಿ ಕೇಂದ್ರ ತಂದ ಈ ಯೋಜನೆಯಲ್ಲಿ ಒಂದಷ್ಟು ಸೀಟಿಗೆ ದರದ ಮಿತಿ ಇರುತ್ತದೆ, ಕಂಪನಿಗೆ ಆಗುವ ಕೊರತೆ ತುಂಬಲು ಸಹಾಯಧನ ಸಿಗುತ್ತದೆ. ಆದರೆ ಅದು ಮೂರು ವರ್ಷಕ್ಕೆ ಮಾತ್ರ. 2026ರ ನವೆಂಬರ್‌ಗೆ ಮೂರು ವರ್ಷ ಮುಗಿಯುತ್ತದೆ. ನಡುವೆ ಸಿಗುವುದು ಇನ್ನೆರಡು ಮಳೆಗಾಲ. ಅಷ್ಟರೊಳಗೆ ಜನಕ್ಕೆ ಸೋಗಾನೆಯ ಅಭ್ಯಾಸ ಆಗಬೇಕು, ಸೀಟು ತುಂಬಬೇಕು. ಆಗದಿದ್ದರೆ ಸಹಾಯಧನ ನಿಂತ ದಿನ ವಿಮಾನವೂ ನಿಲ್ಲಬಹುದು.

ಇದು ಹೆದರಿಸುವ ಮಾತಲ್ಲ. ಬೀದರ್ ನೋಡಿ. 2020ರ ಫೆಬ್ರವರಿಯಲ್ಲಿ ಅಲ್ಲಿ ವಿಮಾನ ಶುರುವಾಯಿತು. ನಿಂತಿತು. 2022ರಲ್ಲಿ ಇನ್ನೊಂದು ಕಂಪನಿ ಬಂತು. ಕಳೆದ ವರ್ಷದ ಕೊನೆಗೆ ಅದೂ ನಿಂತಿತು. ಮಂಡಕಳ್ಳಿಯಲ್ಲಿ 2010ರಿಂದ ಎಷ್ಟು ಕಂಪನಿ ಬಂದು ಹೋದವು ಅಂತ ಮೈಸೂರಿನವರನ್ನು ಕೇಳಿ, ಬೆರಳು ಮಡಚುತ್ತಾ ಹೋಗುತ್ತಾರೆ. ಪ್ರತಿ ಊರಿನ ಕಾರಣ ಬೇರೆ ಬೇರೆ ಇರಬಹುದು. ಆದರೆ ಸಣ್ಣ ನಿಲ್ದಾಣಕ್ಕೆ ಜನರ ನಂಬಿಕೆ ಒಮ್ಮೆ ತಪ್ಪಿದರೆ ಮತ್ತೆ ಬರುವುದು ನಿಧಾನ. ಮಗಳ ಮದುವೆಗೆ, ಇಂಟರ್‌ವ್ಯೂಗೆ, ಆಪರೇಷನ್‌ಗೆ ಹೊರಟವನು ಬರುತ್ತೋ ಇಲ್ಲವೋ ಅನ್ನುವ ವಿಮಾನದ ಟಿಕೆಟ್ ತೆಗೆಯುವುದಿಲ್ಲ. ತೆಗೆದರೂ ಪಕ್ಕದಲ್ಲಿ ಬಸ್ಸಿನ ಟಿಕೆಟ್ ಒಂದು ಇಟ್ಟುಕೊಂಡಿರುತ್ತಾನೆ. ಸೀಟು ಖಾಲಿ ಬಿದ್ದರೆ ಕಂಪನಿಗೆ ನಷ್ಟ. ಅರ್ಧ ದಾರಿಯಿಂದ ವಾಪಸ್ ಹೋದರೆ ಎರಡು ಪಟ್ಟು ಇಂಧನ. ಅದೇ ವಿಮಾನ ಮಧ್ಯಾಹ್ನ ಇನ್ನೊಂದು ಊರಿಗೆ ಹೋಗಬೇಕಿರುತ್ತದೆ, ಅದೂ ತಡ. ಹೀಗೆ ಒಂದು ದಿನದ ಮೋಡಕ್ಕೆ ಮೂರು ಊರಿನವರು ಕಾಯುತ್ತಾರೆ. ಕೊನೆಗೆ ಕಂಪನಿಯ ಲೆಕ್ಕಪತ್ರದಲ್ಲಿ ಶಿವಮೊಗ್ಗ ಅನ್ನುವ ಸಾಲಿಗೆ ಯಾರೋ ಗೆರೆ ಎಳೆಯುತ್ತಾರೆ. "ಜನ ಇಲ್ಲ, ಅದಕ್ಕೇ ನಿಲ್ಲಿಸಿದರು" ಅಂತ ನಾವು ಪೇಪರಿನಲ್ಲಿ ಓದುತ್ತೇವೆ.

ಬೆಂಗಳೂರಿನ ವಿಮಾನದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಕೆಲವರಿಗೆ ಇಷ್ಟವಾಗದೇ ಇರಬಹುದು. ಈಗಿನ ರೀತಿಯಲ್ಲಿ ಬೆಂಗಳೂರಿಗೆ ಹೋಗಿ ಬರಲು ವಿಮಾನಕ್ಕಿಂತ ರೈಲೇ ವಾಸಿ. ಜನಶತಾಬ್ದಿ ಬೆಳಗಿನ ಜಾವ 5.15ಕ್ಕೆ ಹೊರಟರೆ ಹತ್ತು ಗಂಟೆ ಹೊತ್ತಿಗೆ ಬೆಂಗಳೂರು. ಅಲ್ಲಿ ಕೆಲಸ ಮುಗಿಸಿ ಸಂಜೆ ಮತ್ತೆ ಹತ್ತಿದರೆ ರಾತ್ರಿ ಊಟಕ್ಕೆ ಮನೆ. ವಿಮಾನ ಬರುವುದು ಹನ್ನೊಂದರ ಮೇಲೆ, ಸ್ವಲ್ಪ ಹೊತ್ತಿಗೇ ಹೊರಡುತ್ತದೆ. ದೇವನಹಳ್ಳಿಯಲ್ಲಿ ಇಳಿದು ಮೆಜೆಸ್ಟಿಕ್ ಕಡೆ ಬರುವಾಗ ಮಧ್ಯಾಹ್ನ ಕಳೆದಿರುತ್ತದೆ. ಯಾವ ಕಚೇರಿಯ ಕೆಲಸವೂ ಆಗುವುದಿಲ್ಲ, ಆ ದಿನವೇ ವಾಪಸ್ ಬರಲೂ ಆಗುವುದಿಲ್ಲ. ರಾತ್ರಿ ಇಳಿಯುವ ವ್ಯವಸ್ಥೆ ಆದರೆ ಈ ಲೆಕ್ಕವೇ ಬದಲಾಗುತ್ತದೆ. ಒಂದು ವಿಮಾನ ಬೆಳಿಗ್ಗೆ ಬೇಗ ಹೊರಟು, ರಾತ್ರಿ ಎಂಟಕ್ಕೋ ಒಂಬತ್ತಕ್ಕೋ ಬಂದು ಇಳಿದರೆ ಆಗ ವ್ಯಾಪಾರಸ್ಥರು, ವಕೀಲರು, ಡಾಕ್ಟರುಗಳು ಹತ್ತುತ್ತಾರೆ. ದೇವನಹಳ್ಳಿಯಿಂದ ಮುಂದೆ ದೆಹಲಿ, ಮುಂಬೈ, ವಿದೇಶಕ್ಕೆ ಹೋಗುವವರಿಗೂ ಹೊತ್ತು ಹೊಂದುತ್ತದೆ. ಅಲ್ಲಿಯವರೆಗೆ ಈ ನಿಲ್ದಾಣದ ನಿಜವಾದ ಉಪಯೋಗ ಹೈದರಾಬಾದ್, ತಿರುಪತಿಯಂಥ ಊರುಗಳಿಗೇ. ರಾತ್ರಿಯಿಡೀ ಬಸ್ಸಿನಲ್ಲಿ ಕುಕ್ಕರಿಸಿ ಹೋಗುವ ಕಡೆ ಒಂದೂವರೆ ಗಂಟೆಯ ವಿಮಾನ ಬಂತು ಅಂದರೆ ಅದು ದೊಡ್ಡ ವಿಷಯ. ಚೆನ್ನೈ, ಮುಂಬೈ, ದೆಹಲಿ ಕೇಳುತ್ತಿರುವವರೂ ಇದ್ದಾರೆ. ಕೇಳಲಿ. ಆದರೆ ಹೊಸ ಊರು ಸೇರಿಸುವ ಮೊದಲು ಇರುವ ಊರಿನ ವಿಮಾನ ತಪ್ಪದೇ ಬರಲಿ ಅನ್ನುವುದು ನನ್ನ ಕೋರಿಕೆ.

ಈಗ ನಿಲ್ದಾಣದ ಹೊರಗೆ ಬನ್ನಿ. ವಿಮಾನ ಇಳಿದ ಮೇಲೂ ನಮ್ಮ ಪ್ರಯಾಣ ಮುಗಿಯುವುದಿಲ್ಲ. ಈ ನಿಲ್ದಾಣ ಶಿವಮೊಗ್ಗ ಪೇಟೆಗೆ ಮಾತ್ರ ಕಟ್ಟಿದ್ದಲ್ಲ ತಾನೇ? ತೀರ್ಥಹಳ್ಳಿ ಇಲ್ಲಿಂದ ಅರವತ್ತು ಕಿಲೋಮೀಟರಿಗೂ ಮೇಲೆ, ಸಾಗರ ಎಪ್ಪತ್ತಕ್ಕೂ ಮೇಲೆ, ಜೋಗ ಇನ್ನೂ ಮೂವತ್ತು ಮುಂದೆ. ದಾವಣಗೆರೆ, ಚಿಕ್ಕಮಗಳೂರು, ಚಿತ್ರದುರ್ಗ ಜಿಲ್ಲೆಗಳಲ್ಲಿ ಪ್ರಯಾಣಿಕ ವಿಮಾನ ಇಲ್ಲ, ಅವರಿಗೂ ಇದೇ. ಹೈದರಾಬಾದಿನಿಂದ ಬರುವ ಟಿಕೆಟ್ಟಿಗಿಂತ ಸೋಗಾನೆಯಿಂದ ಮನೆಗೆ ಹೋಗುವ ಟ್ಯಾಕ್ಸಿಯೇ ದುಬಾರಿ ಅನ್ನಿಸುವ ದಿನ ಇದೆ. ಬೆಂಗಳೂರು ವಿಮಾನ ನಿಲ್ದಾಣದಿಂದ ನೇರ ಮೈಸೂರಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಹೋಗುತ್ತದೆ. ಅದೇ ಯೋಚನೆಯನ್ನು ಸಣ್ಣದಾಗಿ ಇಲ್ಲಿ ಮಾಡಿ. ವೋಲ್ವೊ ಬೇಡ, ಎಸಿ ಬೇಡ. ವಿಮಾನದ ಹೊತ್ತಿಗೆ ಹೊಂದಿಸಿ ಸಾಗರದ ಕಡೆಗೊಂದು, ತೀರ್ಥಹಳ್ಳಿ ಕಡೆಗೊಂದು, ಭದ್ರಾವತಿ ಮೇಲೆ ಚಿಕ್ಕಮಗಳೂರಿನ ಕಡೆಗೊಂದು ಮಾಮೂಲಿ ಬಸ್ಸು. ವಿಮಾನ ತಡವಾದರೆ ಬಸ್ಸೂ ಕಾಯಬೇಕು, ಅದೇ ಮುಖ್ಯ. ಮಲೆನಾಡಿನಲ್ಲಿ ಬಸ್ಸು ಕಾಯುವುದು ನಮಗೆ ಅಭ್ಯಾಸವೇ, ನಮಗಾಗಿ ಬಸ್ಸು ಕಾಯುವುದನ್ನೂ ಒಮ್ಮೆ ನೋಡುವ!

ಇನ್ನೊಂದು ಸಣ್ಣ ವಿಷಯ. ಇಲ್ಲಿ ಹತ್ತುವವರಲ್ಲಿ ಜೀವಮಾನದಲ್ಲಿ ಮೊದಲ ಸಲ ವಿಮಾನ ಹತ್ತುವವರು ತುಂಬಾ ಜನ. ತಿರುಪತಿಗೆ ಹೊರಟ ಅಜ್ಜಿಯಂದಿರನ್ನು ನೋಡಬೇಕು ನೀವು. ಹೊಸ ಸೀರೆ, ಕೈಚೀಲ, ಅದರೊಳಗೆ ಸ್ಟೀಲ್ ಡಬ್ಬಿ. ಮಗಳ ಮನೆಗೆ ಹೋಗುವವರಾದರೆ ಅಪ್ಪೆಮಿಡಿ ಉಪ್ಪಿನಕಾಯಿ ಇದ್ದೇ ಇರುತ್ತದೆ, ಹಲಸಿನ ಹಪ್ಪಳ, ಒಣಕೊಬ್ಬರಿ ಕೂಡ. ಒಣಕೊಬ್ಬರಿಯನ್ನು ವಿಮಾನದಲ್ಲಿ ಬಿಡುವುದಿಲ್ಲ ಅಂತ ಅವರಿಗೆ ಯಾರು ಹೇಳಬೇಕು? ಎಣ್ಣೆ ಜಾಸ್ತಿ, ಬೆಂಕಿ ಹತ್ತೀತು ಅಂತ ನಿಯಮ. ನಿಯಮ ಇರಲಿ. ಆದರೆ ತಪಾಸಣೆಯ ಮೇಜಿನ ಮುಂದೆ ಚೀಲ ಬಿಚ್ಚಿಸಿ ತೆಗೆಸಿದಾಗ, ಹಿಂದೆ ನಿಂತವರೆಲ್ಲ ನೋಡುವಾಗ, ಆ ಜೀವಕ್ಕೆ ಎಷ್ಟು ಮುಜುಗರ! ಯಾವ ನಿಲ್ದಾಣದಲ್ಲೂ ಕಾಣುವ ದೃಶ್ಯ ಇದು, ಇಲ್ಲಿಯದ್ದು ಮಾತ್ರ ಅಲ್ಲ. ಇಲ್ಲಿ ಮಾತ್ರ ಇದಕ್ಕೆ ಸುಲಭದ ಮದ್ದಿದೆ. ಟರ್ಮಿನಲ್‌ನ ಹೊರಬಾಗಿಲಲ್ಲೇ, ಮನೆಯವರು ಇನ್ನೂ ಜೊತೆಗಿರುವಾಗ ಕಾಣುವಂತೆ, ನಮ್ಮ ಕಡೆಯವರು ಒಯ್ಯುವ ತಿಂಡಿ ಸಾಮಾನುಗಳ ಹೆಸರು ಬರೆದು, ಯಾವುದು ಕೈಚೀಲಕ್ಕೆ, ಯಾವುದು ದೊಡ್ಡ ಲಗೇಜಿಗೆ, ಯಾವುದು ಬೇಡವೇ ಬೇಡ ಅಂತ ದೊಡ್ಡ ಅಕ್ಷರದ ಕನ್ನಡದಲ್ಲಿ ಒಂದು ಬೋರ್ಡು ಹಾಕಿ. ಕೊಬ್ಬರಿ ಮಗನ ಜೊತೆ ವಾಪಸ್ ಮನೆಗೆ ಹೋಗುತ್ತದೆ.

ಭೂಮಿ ಕೊಟ್ಟವರ ವಿಷಯ ಹೇಳದೇ ಮುಗಿಸಿದರೆ ತಪ್ಪಾಗುತ್ತದೆ. 775 ಎಕರೆ ಆಕಾಶದಿಂದ ಬಿದ್ದದ್ದಲ್ಲ. ಭೂಮಿ ಕಳೆದುಕೊಂಡ ರೈತರು ನಿವೇಶನಕ್ಕಾಗಿ, ಮನೆಯವರಿಗೆ ಕೆಲಸಕ್ಕಾಗಿ ಬೀದಿಗಿಳಿದದ್ದು ನಿಮಗೆ ಗೊತ್ತಿರುವ ಸಂಗತಿ. 2008ರ ಹೊತ್ತಿಗೆ ಖಾಸಗಿಯವರ ಜೊತೆ ಸೇರಿ ಶುರು ಮಾಡಿ, ಮಧ್ಯದಲ್ಲಿ ನಿಂತು, 2020ರಲ್ಲಿ ಮತ್ತೆ ಎದ್ದ ಯೋಜನೆ ಇದು. ಅಷ್ಟೂ ವರ್ಷ ಕಾದವರಲ್ಲಿ ಅವರೂ ಇದ್ದಾರೆ. ವಾರ್ಷಿಕೋತ್ಸವದ ವೇದಿಕೆಗೆ ಅವರನ್ನು ಕರೆದು ಶಾಲು ಹೊದಿಸುವುದು ಬೇಡ. ಕೊಟ್ಟ ಮಾತು ಎಲ್ಲಿಯವರೆಗೆ ಬಂದಿದೆ ಅಂತ ಲಿಖಿತವಾಗಿ ಹೇಳಿ ಸಾಕು.

ನನಗೆ ಈ ನಿಲ್ದಾಣದ ಮೇಲೆ ಇಷ್ಟು ಆಸೆ ಯಾಕೆ ಅಂದರೆ, ಇದು ರಾಜ್ಯ ಸರ್ಕಾರ ತಾನೇ ನಡೆಸುತ್ತಿರುವ ಮೊದಲ ವಿಮಾನ ನಿಲ್ದಾಣ. ಬೇರೆ ಕಡೆ ತಪ್ಪಾದರೆ ದೆಹಲಿಯ ಕಡೆ ಕೈ ತೋರಿಸಬಹುದು. ಇಲ್ಲಿ ಹಾಗಲ್ಲ. ನಿಲ್ದಾಣ ನಿಮ್ಮದು. ವಿಮಾನಗಳಿಗೆ ದಾರಿ ಹೇಳುವ ಟವರ್ ಕೆಲಸ ಎಎಐನದ್ದು, ಲೈಸೆನ್ಸ್ ಡಿಜಿಸಿಎಯದ್ದು, ಮೋಡ-ಮಳೆಯ ಅಳತೆ ಹವಾಮಾನ ಇಲಾಖೆಯದ್ದು. ನಾಲ್ಕು ಕಡೆಯವರು ಸೇರಿ ನಡೆಸುವ ಸಂಸಾರ ಇದು, ಹೌದು. ಆದರೆ ಯಜಮಾನ ಯಾರು ಅಂದರೆ ಬೆಂಗಳೂರಿನಲ್ಲಿರುವ ನೀವೇ. ವಿಜಯಪುರದಲ್ಲಿ ರಾಜ್ಯವೇ ಇನ್ನೊಂದು ನಿಲ್ದಾಣ ಕಟ್ಟುತ್ತಿದೆ, ಹಾಸನದಲ್ಲೂ ಕೆಲಸ ನಡೆದಿದೆ. ಹಾಸನದ ಪಶ್ಚಿಮಕ್ಕೆ ಸಕಲೇಶಪುರದ ಮಳೆ ಕಾಯುತ್ತಿದೆ. ಅಲ್ಲಿ ಬಣ್ಣ ಬಳಿಯುವ ಮೊದಲು ಉಪಕರಣದ ಆರ್ಡರ್ ಹೋಗಲಿ.

ಐಎಲ್‌ಎಸ್‌ಗೆ ಸಮಯ ಬೇಕು, ದೀಪಗಳಿಗೆ ಸಮಯ ಬೇಕು, ಒಪ್ಪಿದೆ. ಯಾವ ತಿಂಗಳಿಗೆ ಯಾವುದು ಆಗುತ್ತದೆ ಅಂತ ಒಂದು ಪಟ್ಟಿ ಕೊಡಿ. "ಶೀಘ್ರದಲ್ಲೇ" ಅನ್ನುವ ಪದ ಇಲ್ಲದ ಪಟ್ಟಿ.

ಅದರ ಜೊತೆಗೆ ಇನ್ನೊಂದು ಕೆಲಸವಿದೆ, ಇದಕ್ಕೆ ಸಮಯವೂ ಬೇಡ. ವಿಮಾನ ರದ್ದಾದಾಗ ಮೊಬೈಲಿಗೆ ಬರುವ ಸಂದೇಶದಲ್ಲಿ "ಕಾರ್ಯಾಚರಣೆಯ ಕಾರಣ" ಅಂತ ಇರುತ್ತದೆ. ಅಂದರೆ ಏನು? ಮೋಡವೋ, ವಿಮಾನ ಕೆಟ್ಟಿತೋ, ಪೈಲಟ್ ಇಲ್ಲವೋ, ಸೀಟು ತುಂಬಲಿಲ್ಲವೋ? ಇದು ಸುಮ್ನೆ ಕುತೂಹಲ ಅಲ್ಲ. ಹವಾಮಾನದಿಂದ ರದ್ದಾದರೆ ಪ್ರಯಾಣಿಕರಿಗೆ ದುಡ್ಡು ವಾಪಸ್ ಅಥವಾ ಬೇರೆ ವಿಮಾನ ಸಿಗುತ್ತದೆ, ಪರಿಹಾರ ಸಿಗುವುದಿಲ್ಲ. ಕಂಪನಿಯದ್ದೇ ಕಾರಣವಾದರೆ ನಿಯಮದ ಪ್ರಕಾರ ಪರಿಹಾರ ಕೇಳುವ ಅವಕಾಶ ಇದೆ. ಹಾಗಾಗಿ ಪ್ರತಿ ತಿಂಗಳ ಕೊನೆಗೆ ಒಂದು ಹಾಳೆ ಪ್ರಕಟಿಸಿ. ಎಷ್ಟು ವಿಮಾನ ಬರಬೇಕಿತ್ತು, ಎಷ್ಟು ಬಂದವು, ಎಷ್ಟು ವಾಪಸ್ ಹೋದವು, ಯಾವ ಕಾರಣಕ್ಕೆ. ಟರ್ಮಿನಲ್‌ನ ಬಾಗಿಲಿಗೂ ಅಂಟಿಸಿ, ಪತ್ರಿಕೆಯವರಿಗೂ ಕೊಡಿ. ಮೋಡದಿಂದ ತಪ್ಪಿದ ವಿಮಾನಗಳ ಲೆಕ್ಕ ಕೈಯಲ್ಲಿದ್ದರೆ ಐಎಲ್‌ಎಸ್ ಬೇಕು ಅಂತ ದೆಹಲಿಯಲ್ಲಿ ಕೂತು ವಾದ ಮಾಡಲು ನಿಮಗೂ ಬಲ ಬರುತ್ತದೆ. ನಮಗೂ ಯಾವ ತಿಂಗಳಲ್ಲಿ ವಿಮಾನ ನಂಬಬಹುದು, ಯಾವ ತಿಂಗಳಲ್ಲಿ ಬಸ್ಸು ಹಿಡಿಯಬೇಕು ಅಂತ ತಿಳಿಯುತ್ತದೆ.

ಟೆಂಡರ್ ಬೇಡ, ಬಜೆಟ್ ಬೇಡ, ಯಾರ ಅನುಮತಿಯೂ ಬೇಡ. ಆಗಸ್ಟ್ ತಿಂಗಳ ಹಾಳೆಯಿಂದಲೇ ಶುರು ಮಾಡಿ. ಸೆಪ್ಟೆಂಬರ್ ಮೊದಲ ವಾರ ನಾನು ಮಗಳನ್ನು ಕರೆಯಲು ಸೋಗಾನೆಗೆ ಬರುತ್ತೇನೆ, ಬಾಗಿಲಲ್ಲಿ ನೋಡುತ್ತೇನೆ.

ಇಂತಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಪ್ರಯಾಣಿಕ